ಗುದ್ದಲಿ ಹಿಡಿದ ಸಿಪಾಯಿ



ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಕೂಡಲೇ ಬೆಸಗರಹಳ್ಳಿಯಂತಹ ಊರಿನ ಮನೆಗಳಲ್ಲಿ ‘ಮುಂದೇನು’ ಎಂಬ ಮಾತು ಏಳುತ್ತದೆ. ಕೆಲವರು ಐ.ಟಿ.ಐ. ಎನ್ನುತ್ತಾರೆ, ಕೆಲವರು ಡಿಪ್ಲೊಮಾ ಎನ್ನುತ್ತಾರೆ, ಗ್ಯಾರೇಜಿನಲ್ಲಿ ಕೆಲಸ ಕಲಿತು ಗಲ್ಫಿಗೆ ಹೋಗಲಿ ಎನ್ನುವವರೂ ಇದ್ದಾರೆ. ಸೇನೆಯ ಮಾತು ಬರುವುದು ಅಪರೂಪ. ಬಂದರೂ, ಒಬ್ಬ ತಂದೆ ನನ್ನನ್ನು ಕೇಳಿದ ಪ್ರಶ್ನೆಯ ಬಳಿ ಅದು ನಿಂತುಬಿಡುತ್ತದೆ: “ನಮ್ ಹುಡುಗ್ರನ್ನ ಮಿಲ್ಟ್ರಿಗೆ ತಗೋತಾರಾ ಮೇಷ್ಟ್ರೇ? ತಗೊಂಡ್ರೂ ಬಂದೂಕ ಹಿಡಿಯೋದು ಬಿಟ್ಟು ಅಲ್ಲಿ ಇನ್ನೇನ್ ಕಲೀತಾನೆ?”

ಈ ಎರಡೂ ಪ್ರಶ್ನೆಗಳಿಗೆ ಉತ್ತರ ಇತಿಹಾಸದಲ್ಲಿದೆ. ಸೇನೆಯಲ್ಲಿ ಬಂದೂಕಿನ ಜೊತೆಗೆ ಗುದ್ದಲಿ, ಹಾರೆ, ಗರಗಸಗಳನ್ನೂ ಹಿಡಿಯುವ ಒಂದು ದಳವಿದೆ. ಅದರ ಸಿಪಾಯಿಗೆ ‘ಸ್ಯಾಪರ್’ ಎಂದು ಹೆಸರು. ಸೇತುವೆ ಕಟ್ಟುವುದು, ಬೇಕಾದಾಗ ಕೆಡವುವುದು, ನೆಲಬಾಂಬುಗಳನ್ನು ಹುಡುಕಿ ತೆಗೆಯುವುದು, ಹುಗಿಯುವುದು, ಗುಡ್ಡದಲ್ಲಿ ದಾರಿ ಕಡಿಯುವುದು, ಬಂಕರ್ ಕಟ್ಟುವುದು, ಸೈನ್ಯಕ್ಕೆ ಕುಡಿಯುವ ನೀರು ಒದಗಿಸುವುದು ಇವೆಲ್ಲ ಅವನ ಕೆಲಸ. ನಮ್ಮ ಸೈನ್ಯಕ್ಕೆ ದಾರಿ ತೆರೆಯುವುದು, ಶತ್ರುವಿನ ದಾರಿ ಮುಚ್ಚುವುದು ಎಂದು ಎರಡೇ ಮಾತಿನಲ್ಲಿ ಹೇಳಬಹುದು.

ಖಂದಕದ ಪಾಠ

ಈ ವಿದ್ಯೆ ನಮಗೆ ಅಪರಿಚಿತವೇನಲ್ಲ. ಹಿಜರಿ 5ರಲ್ಲಿ, ಅಂದರೆ ಕ್ರಿ.ಶ. 627ರಲ್ಲಿ, ದೊಡ್ಡ ಸೈನ್ಯವೊಂದು ಮದೀನಾದ ಮೇಲೆ ಏರಿ ಬಂದಾಗ ಪರ್ಷಿಯಾ ಮೂಲದ ಹಜರತ್ ಸಲ್ಮಾನ್ ಫಾರ್ಸಿ (ರ.ಅ.) ಅವರು ನಗರದ ತೆರೆದ ಭಾಗದಲ್ಲಿ ಕಂದಕ ತೋಡುವ ಸಲಹೆ ಕೊಟ್ಟರು. ಪ್ರವಾದಿ (ಸ.ಅ.) ಅವರು ಸ್ವತಃ ಮಣ್ಣು ಹೊತ್ತರು. ಕುದುರೆ ದಳಕ್ಕೆ ದಾಟಲಾಗದ ಆ ಕಂದಕದಿಂದಾಗಿ ಮುತ್ತಿಗೆ ವಿಫಲವಾಯಿತು. ನಾವು ದಿನವೂ ಬಳಸುವ ಕನ್ನಡದ ‘ಕಂದಕ’ ಎಂಬ ಮಾತೂ ಆ ‘ಖಂದಕ್’ನಿಂದಲೇ ಬಂದದ್ದು. ಮಣ್ಣು ಅಗೆಯುವುದು ಕೀಳು ಕೆಲಸ ಎಂದು ತಿಳಿಯುವವರು ಈ ಘಟನೆಯನ್ನು ನೆನಪಿನಲ್ಲಿಡಬೇಕು.

ಶ್ರೀರಂಗಪಟ್ಟಣದಲ್ಲಿ ನಡೆದದ್ದು

ಇನ್ನು ನಮ್ಮ ಜಿಲ್ಲೆಗೇ ಬರೋಣ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಸಮೀಪದವರೆಗೂ ಬಂದಿದ್ದ. ಆದರೆ ಮಳೆ ಹಿಡಿಯಿತು, ದವಸ ಮುಗಿಯಿತು, ಎತ್ತುಗಳು ಸತ್ತವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಿದ. ಕೋಟೆಯನ್ನು ಗೆಲ್ಲಲು ಸಿಪಾಯಿಗಳ ಸಂಖ್ಯೆಯೊಂದೇ ಸಾಲದು, ದಾರಿಯೂ ಸಾಗಾಟವೂ ಬೇಕು ಎಂಬ ಪಾಠವನ್ನು ಇಂಗ್ಲಿಷರು ಅಂದು ಕಲಿತರು.

ಎಂಟು ವರ್ಷಗಳ ಮೇಲೆ ಅವರು ಮತ್ತೆ ಬಂದರು. 1799ರ ಮಾರ್ಚ್ 27ರಂದು ನಮ್ಮ ನೆರೆಯ ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನರ ಸೈನ್ಯಕ್ಕೂ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಕಾಳಗ ನಡೆಯಿತು. ಆಮೇಲೆ ಹ್ಯಾರಿಸ್ ನೇರ ದಾರಿ ಬಿಟ್ಟು ಸೋಸಲೆಯ ಬಳಿ ಕಾವೇರಿ ದಾಟಿ, ಏಪ್ರಿಲ್ 5ರಂದು ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಬೀಡುಬಿಟ್ಟ. ಜೂನ್‌ನಲ್ಲಿ ಕಾವೇರಿ ತುಂಬುವ ಮೊದಲೇ ಕೆಲಸ ಮುಗಿಯಬೇಕಿತ್ತು. ಕೋಟೆಯ ಗುಂಡಿಗೆ ಸಿಕ್ಕದಂತೆ ಕಾಲುವೆ ಕಾಲುವೆಯಾಗಿ ಮಣ್ಣು ತೋಡುತ್ತ, ಬುಟ್ಟಿಗಳಲ್ಲಿ ಮಣ್ಣು ತುಂಬಿ ಮರೆ ಮಾಡಿಕೊಳ್ಳುತ್ತ, ಹಂತ ಹಂತವಾಗಿ ಫಿರಂಗಿಗಳನ್ನು ಹತ್ತಿರಕ್ಕೆ ತಂದರು. ಹೀಗೆ ತೋಡುವ ಕಾಲುವೆಗೆ ‘ಸ್ಯಾಪ್’ ಎಂದು ಹೆಸರು, ‘ಸ್ಯಾಪರ್’ ಎಂಬ ಪದ ಅದರಿಂದಲೇ ಬಂತು. ಇತ್ತ ಟಿಪ್ಪು ಸುಲ್ತಾನರೂ ಕೈಕಟ್ಟಿ ಕೂತಿರಲಿಲ್ಲ, ಕೋಟೆಯೊಳಗೆ ಎರಡನೆಯ ಗೋಡೆ, ಎರಡನೆಯ ಕಂದಕ ಮಾಡಿಸಿದ್ದರು. ಕೊನೆಗೆ ಪಶ್ಚಿಮದ ಗೋಡೆ ಒಡೆಯಿತು. ಮೇ 4ರ ಮಧ್ಯಾಹ್ನ ಇಂಗ್ಲಿಷರು ಹೊಳೆ ದಾಟಿ ನುಗ್ಗಿದರು. ಸುಲ್ತಾನರು ಹೋರಾಡುತ್ತಲೇ ಶಹೀದರಾದರು.

ನಮ್ಮ ಮನೆಗಳಲ್ಲಿ ಈ ಕಥೆ ಹೇಳುವಾಗ ಮೀರ್ ಸಾದಿಕನ ದ್ರೋಹವನ್ನು ತಪ್ಪದೆ ಹೇಳುತ್ತೇವೆ. ಆದರೆ ಒಂದು ತಿಂಗಳ ಕಾಲ ಕೋಟೆಯ ಎದುರು ನಡೆದ ಗುದ್ದಲಿಯ ಕೆಲಸವನ್ನು ಹೇಳುವುದಿಲ್ಲ. ಸೋಲಿಗೆ ದ್ರೋಹಿಯೊಬ್ಬನನ್ನೇ ಕಾರಣ ಮಾಡಿದರೆ ನಾವು ಕಲಿಯುವುದೇನೂ ಉಳಿಯುವುದಿಲ್ಲ. ಎದುರಾಳಿಗೆ ಯಾವ ವಿದ್ಯೆ ಗೊತ್ತಿತ್ತು ಎಂದು ಕೇಳಿದಾಗ ಮಾತ್ರ ಇತಿಹಾಸ ಪಾಠವಾಗುತ್ತದೆ.

ಅಂದಿನ ಪಡೆ, ಇಂದು ನಮ್ಮದು

ಆ ಮುತ್ತಿಗೆಯಲ್ಲಿ ದುಡಿದವರಲ್ಲಿ ‘ಮದ್ರಾಸ್ ಪಯೋನಿಯರ್ಸ್’ ಎಂಬ ಪಡೆಯೂ ಇತ್ತು. ಹೈದರಾಲಿಯ ಸೈನ್ಯ ಕರ್ನಾಟಿಕ್ ಸೀಮೆಗೆ ನುಗ್ಗಿದ 1780ರಲ್ಲಿ, ಸೆಪ್ಟೆಂಬರ್ 30ರಂದು, ಎರಡು ಕಂಪನಿಗಳಾಗಿ ಅದು ಹುಟ್ಟಿತು. ಇಂದು ಬೆಂಗಳೂರಿನ ಹಲಸೂರು ಕೆರೆಯ ಬಳಿ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂ.ಇ.ಜಿ., ಅದರದೇ ಮುಂದುವರಿಕೆ. ಭಾರತೀಯ ಸೇನೆಗೆ ಇಂತಹ ಗುಂಪುಗಳು ಮೂರಿವೆ, ಉಳಿದೆರಡು ರೂರ್ಕಿ ಮತ್ತು ಪುಣೆಯ ಖಡ್ಕಿಯಲ್ಲಿವೆ. ಹೈದರ್, ಟಿಪ್ಪುವಿನ ವಿರುದ್ಧ ನಿಂತಿದ್ದ ಪಡೆ ಎಂದು ಇಂದು ಅದನ್ನು ದೂರವಿಡುವುದು ಸರಿಯಲ್ಲ. 1947ರ ನಂತರ ಅದು ಈ ದೇಶದ ಪಡೆ, ದಕ್ಷಿಣದ ಎಲ್ಲ ರಾಜ್ಯಗಳ ಮಕ್ಕಳ ಪಡೆ.

1912ರಲ್ಲಿ ಇದೇ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಬೆಂಗಳೂರಿನಲ್ಲಿ ಒಂದು ಸಾಧನ ರೂಪಿಸಿದ. ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಬೇಲಿಯ ಕೆಳಗೆ ತಳ್ಳಿ ಸಿಡಿಸಿದರೆ ದಾರಿ ತೆರೆಯುತ್ತದೆ. ಅದಕ್ಕೆ ‘ಬ್ಯಾಂಗಲೂರ್ ಟಾರ್ಪೆಡೊ’ ಎಂದೇ ಹೆಸರು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ಕಡಲತೀರದಲ್ಲಿ ಇಳಿದ ಸೈನಿಕರೂ ಅದನ್ನು ಬಳಸಿದರು.

ರಾಣೆ ಮತ್ತು ಉಸ್ಮಾನ್

ಸ್ಯಾಪರ್‌ನ ಕೆಲಸ ಎಂಥದ್ದೆಂದು ತಿಳಿಯಲು ನಮ್ಮ ರಾಜ್ಯದವರೇ ಒಬ್ಬರಿದ್ದಾರೆ. ಕಾರವಾರ ತಾಲ್ಲೂಕಿನ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಸಾಮಾನ್ಯ ಸಿಪಾಯಿಯಾಗಿ ಸೇರಿ, 1947ರ ಡಿಸೆಂಬರ್‌ನಲ್ಲಿ ಅಧಿಕಾರಿಯಾದರು. 1948ರ ಏಪ್ರಿಲ್ 8ರಿಂದ 11ರವರೆಗೆ ಕಾಶ್ಮೀರದ ನೌಶೇರಾದಿಂದ ರಜೌರಿಯ ಕಡೆಗೆ ಟ್ಯಾಂಕುಗಳು ಸಾಗಬೇಕಿತ್ತು. ದಾರಿ ತುಂಬ ನೆಲಬಾಂಬು, ಅಡ್ಡ ಕೆಡವಿದ ಮರಗಳು. ಮೊದಲ ದಿನವೇ ಅವರ ತಂಡದ ಇಬ್ಬರು ಸತ್ತರು, ರಾಣೆ ಸೇರಿ ಐವರು ಗಾಯಗೊಂಡರು. ಗಾಯಗೊಂಡ ಮೇಲೂ ರಾಣೆ ಹಿಂದೆ ಸರಿಯದೆ ಗುಂಡಿನ ಮಳೆಯಲ್ಲಿ ದಾರಿ ಬಿಡಿಸಿಕೊಟ್ಟರು, ಏಪ್ರಿಲ್ 11ರಂದು 17 ಗಂಟೆ ದುಡಿದರು. ಪರಮವೀರ ಚಕ್ರವನ್ನು ಜೀವಂತವಾಗಿ ಪಡೆದ ಮೊದಲಿಗರು ಅವರೇ.

ಅವರು ಹೊರಟ ಆ ನೌಶೇರಾವನ್ನು ಎರಡು ತಿಂಗಳ ಹಿಂದೆ, ಫೆಬ್ರವರಿ 6ರ ಭಾರಿ ದಾಳಿಯಿಂದ ಉಳಿಸಿದವರು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್. ದೇಶ ವಿಭಜನೆಯಾದಾಗ ಅವರು ಭಾರತದ ಸೇನೆಯಲ್ಲೇ ಉಳಿದಿದ್ದರು. 1948ರ ಜುಲೈ 3ರಂದು ಝಂಗರ್‌ನಲ್ಲಿ ಹುತಾತ್ಮರಾದರು, ಮಹಾವೀರ ಚಕ್ರ ಪಡೆದರು. ದೆಹಲಿಯ ಜಾಮಿಯಾ ಮಿಲ್ಲಿಯಾ ಬಳಿ ಅವರ ಸಮಾಧಿಯಿದೆ. ಒಬ್ಬರು ಊರು ಉಳಿಸಿದರು, ಇನ್ನೊಬ್ಬರು ಅಲ್ಲಿಂದ ದಾರಿ ತೆರೆದರು. “ನಮ್ ಹುಡುಗ್ರನ್ನ ತಗೋತಾರಾ” ಎಂಬ ಪ್ರಶ್ನೆಗೆ ಇದಕ್ಕಿಂತ ಹಳೆಯ ಉತ್ತರ ಬೇಕೇ?

ಶಾಂತಿಯ ಕಾಲದಲ್ಲೂ ಈ ಕೆಲಸ ನಿಲ್ಲುವುದಿಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಚೂರಲ್‌ಮಲ, ಮುಂಡಕ್ಕೈ ನಡುವಿನ ಸಂಪರ್ಕ ಕಡಿದಾಗ ಎಂ.ಇ.ಜಿ.ಯವರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರೊಳಗೆ ಕಟ್ಟಿ ನಿಲ್ಲಿಸಿದರು. ಆ ಕೆಲಸದ ಮುಂದಾಳುಗಳಲ್ಲಿ ಮೇಜರ್ ಸೀತಾ ಶೆಲ್ಕೆ ಎಂಬ ಮಹಿಳೆ ಇದ್ದರು. ನಮ್ಮ ಹೆಣ್ಣುಮಕ್ಕಳೂ ಇದನ್ನು ಗಮನಿಸಬೇಕು.

ಹಾಗಾದರೆ ಸೇರಬೇಕೇ?

ಮಿತ್ರರೇ, ಒಳ್ಳೆಯದನ್ನಷ್ಟೇ ಹೇಳಿ ನಿಮ್ಮನ್ನು ಹುರಿದುಂಬಿಸುವುದು ಸರಿಯಲ್ಲ. ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗುವವನು ಸ್ಯಾಪರ್, ಆದ್ದರಿಂದ ಅಪಾಯವೂ ಅವನಿಗೇ ಮೊದಲು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸಿಪಾಯಿಯಾಗಿ ಸೇರಿದವರ ಅವಧಿ ನಾಲ್ಕು ವರ್ಷ. ಕಾಯಂ ಆಗುವವರು ನೂರಕ್ಕೆ 25ರವರೆಗೆ ಮಾತ್ರ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಹೊರಬರುತ್ತಾರೆ, ಪಿಂಚಣಿ ಇಲ್ಲ. ಯಾವ ದಳ ಸಿಗುತ್ತದೆ ಎಂಬುದನ್ನು ಸೇನೆಯೇ ತೀರ್ಮಾನಿಸುತ್ತದೆ. ಗಡ್ಡದ ವಿಷಯವನ್ನೂ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ವಾಯುಪಡೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಶಿಸ್ತಿನ ನಿಯಮವನ್ನೇ ಎತ್ತಿಹಿಡಿಯಿತು. ಹಾಗೆಯೇ ಸೇನೆಯಲ್ಲಿ ಸರ್ವಧರ್ಮ ಸ್ಥಳಗಳಿವೆ, ಧರ್ಮಗುರುಗಳಾಗಿ ಮೌಲ್ವಿಗಳೂ ನೇಮಕವಾಗುತ್ತಾರೆ ಎಂಬುದನ್ನೂ ತಿಳಿದಿರಿ.

ಈ ಲೆಕ್ಕವನ್ನೆಲ್ಲ ಹಾಕಿದ ಮೇಲೂ ಮನಸ್ಸಿದ್ದರೆ ದಾರಿಗಳು ಹಲವು. ಐ.ಟಿ.ಐ., ಡಿಪ್ಲೊಮಾ ಓದಿದವರಿಗೆ ಅಗ್ನಿವೀರ್ ತಾಂತ್ರಿಕ ವಿಭಾಗವಿದೆ. ಪಿ.ಯು.ಸಿ. ವಿಜ್ಞಾನದ ನಂತರ ಎನ್.ಡಿ.ಎ. ಪರೀಕ್ಷೆ ಬರೆಯಬಹುದು, ಜೆ.ಇ.ಇ. ಮೇನ್ ಅಂಕಗಳ ಆಧಾರದ ಮೇಲೆ ತಾಂತ್ರಿಕ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಬಿ.ಇ. ಮುಗಿಸಿದವರಿಗೆ ನೇರವಾಗಿ ಅಧಿಕಾರಿಯಾಗುವ ಅವಕಾಶವಿದೆ. ಯಾವುದಕ್ಕೂ ಧರ್ಮ ಅಡ್ಡಿಯಲ್ಲ. ಗಣಿತ ಬೇಕು, ಓಟ ಬೇಕು, ಕೈಗೆಲಸದ ಆಸಕ್ತಿ ಬೇಕು. ಆದ್ದರಿಂದ ಓದನ್ನು ಅರ್ಧಕ್ಕೆ ಬಿಟ್ಟು ಭರ್ತಿಗೆ ಓಡಬೇಡಿ. ಕೈಯಲ್ಲಿ ಒಂದು ವಿದ್ಯೆ ಇದ್ದವನು ನಾಲ್ಕು ವರ್ಷಕ್ಕೆ ಹೊರಬಂದರೂ ಬರಿಗೈಯಲ್ಲಿ ಬರುವುದಿಲ್ಲ.

ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ತೆಗೆದುಹಾಕುವುದೂ ಒಂದು ಸದಖಾ ಎಂದು ಪ್ರವಾದಿಯವರು (ಸ.ಅ.) ಕಲಿಸಿದ್ದಾರೆ. ನೆಲಬಾಂಬು ತೆಗೆಯುವವನ, ಕೊಚ್ಚಿಹೋದ ಊರಿಗೆ ಸೇತುವೆ ಹಾಕುವವನ ಕೆಲಸವನ್ನು ಆ ಮಾತಿನ ಬೆಳಕಿನಲ್ಲಿ ನೋಡಿ. ಮುಂದಿನ ಬಾರಿ ಶ್ರೀರಂಗಪಟ್ಟಣಕ್ಕೆ ಹೋದಾಗ ಗುಂಬಜ್‌ನಲ್ಲಿ ಫಾತಿಹಾ ಓದಿದ ಮೇಲೆ ಕೋಟೆಯ ಪಶ್ಚಿಮದ ಮೂಲೆಗೂ ನಡೆದುಹೋಗಿ ಹೊಳೆಯ ಆಚೆ ದಡವನ್ನು ನೋಡಿ. ಅಲ್ಲಿ ಅಂದು ಮಣ್ಣು ತೋಡಿದವರ ವಿದ್ಯೆಯನ್ನು ಇಂದು ಈ ದೇಶಕ್ಕಾಗಿ, ಈ ಜನಕ್ಕಾಗಿ ಕಲಿಯುವ ಅವಕಾಶ ನಿಮಗಿದೆ. ತೀರ್ಮಾನ ನಿಮ್ಮದು ಮತ್ತು ನಿಮ್ಮ ತಂದೆತಾಯಿಯರದು. ಅಲ್ಲಾಹನು ನಿಮಗೆ ಒಳ್ಳೆಯ ದಾರಿ ತೋರಲಿ.