ಕಾರಿನ ಬ್ಲೋವರ್ ದೋಷಪತ್ತೆ

ಬ್ಲೋವರ್ ಎಂಬುದು ಕಾರಿನ ಒಳಾಂಗಣಕ್ಕೆ ಗಾಳಿಯನ್ನು ನೂಕುವ ವಿದ್ಯುತ್ ಫ್ಯಾನು. ಹೀಟರಿಗೂ ಏ.ಸಿ.ಗೂ ಇದೊಂದೇ ಫ್ಯಾನು ಇರುವುದರಿಂದ, ಇದು ನಿಂತರೆ ಉಳಿದ ಭಾಗಗಳು ಸುಸ್ಥಿತಿಯಲ್ಲಿದ್ದರೂ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಮಳೆಗಾಲದಲ್ಲಿ ಮುಂಗಾಜಿನ ಒಳಮೈಗೆ ಕವಿಯುವ ಮಂಜನ್ನು ನಿವಾರಿಸುವುದೂ ಇದರ ಗಾಳಿಯೇ. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳಲ್ಲಿ ಸಾಗುವ ಚಾಲಕನಿಗೆ ಬ್ಲೋವರ್ ಸೌಖ್ಯದ ಸಾಧನವೆನ್ನುವುದಕ್ಕಿಂತ ಸುರಕ್ಷತೆಯ ಸಾಧನವಾಗಿದೆ.

ಫ್ಯಾನು ನಿಂತೊಡನೆ ಮೋಟಾರು ಸುಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಹಾಕಿಸುವುದು ವಾಡಿಕೆ. ಆದರೆ ಫ್ಯೂಸ್, ರಿಲೇ, ಸ್ವಿಚ್ಚು, ರೆಸಿಸ್ಟರ್, ಕನೆಕ್ಟರ್, ಅರ್ತ್ ತಂತಿ ಇವುಗಳಲ್ಲಿ ಯಾವುದು ಕೆಟ್ಟರೂ ಫ್ಯಾನು ನಿಲ್ಲುತ್ತದೆ. ದೋಷವು ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಫ್ಯಾನಿನ ವರ್ತನೆಯೇ ಸೂಚಿಸುತ್ತದೆ. ಈ ಲೇಖನವು ಗುಂಡಿಯನ್ನು ತಿರುಗಿಸಿ ಮೂರು ಅಥವಾ ನಾಲ್ಕು ಹಂತಗಳಲ್ಲಿ ವೇಗವನ್ನು ಬದಲಿಸುವ ಹಳೆಯ ಮಾದರಿಯ ಕಾರುಗಳಿಗೆ ಸಂಬಂಧಿಸಿದೆ.

ರಚನೆ

ಬ್ಲೋವರಿನಲ್ಲಿ 12 ವೋಲ್ಟಿನ ನೇರ ವಿದ್ಯುತ್ ಮೋಟಾರು ಮತ್ತು ಅದರ ದಂಡಕ್ಕೆ ಸಿಕ್ಕಿಸಿದ, ಅಳಿಲಿನ ಪಂಜರವನ್ನು ಹೋಲುವ ಪ್ಲಾಸ್ಟಿಕ್ ಚಕ್ರ ಇರುತ್ತವೆ. ಬಲಬದಿಯ ಸ್ಟಿಯರಿಂಗ್ ಇರುವ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ, ಗ್ಲೋವ್ ಬಾಕ್ಸ್‌ನ ಹಿಂದೆ ಅಡಗಿರುತ್ತದೆ.

ವೇಗವನ್ನು ತಗ್ಗಿಸುವ ಕೆಲಸ ರೆಸಿಸ್ಟರಿನದು. ಇದರಲ್ಲಿ ಕೆಲವು ತಂತಿಸುರುಳಿಗಳನ್ನು ಒಂದರ ಮುಂದೊಂದು ಜೋಡಿಸಲಾಗಿರುತ್ತದೆ. ಮೊದಲ ಹಂತದಲ್ಲಿ ವಿದ್ಯುತ್ತು ಎಲ್ಲ ಸುರುಳಿಗಳನ್ನೂ ಹಾದು ಹೋಗುತ್ತದೆ; ಹಂತ ಏರಿದಂತೆ ಸುರುಳಿಗಳ ಸಂಖ್ಯೆ ಕಡಿಮೆಯಾಗುತ್ತದೆ; ಕೊನೆಯ ಹಂತದಲ್ಲಿ ರೆಸಿಸ್ಟರನ್ನು ಪೂರ್ತಿಯಾಗಿ ಬಿಟ್ಟು ನೇರ ಮಾರ್ಗದಲ್ಲಿ ಹರಿಯುತ್ತದೆ. ತಡೆದ ವಿದ್ಯುತ್ತು ಶಾಖವಾಗಿ ಪರಿಣಮಿಸುವುದರಿಂದ ರೆಸಿಸ್ಟರನ್ನು ಗಾಳಿಯ ದಾರಿಯಲ್ಲಿಯೇ ಕೂರಿಸಿ, ಬ್ಲೋವರಿನ ಗಾಳಿಯಿಂದಲೇ ತಂಪುಗೊಳಿಸಲಾಗುತ್ತದೆ. ಶಾಖವು ಮಿತಿಮೀರಿದರೆ ಸಂಪರ್ಕವನ್ನು ಕಡಿಯಲು ಅದರ ಮೇಲೊಂದು ಥರ್ಮಲ್ ಫ್ಯೂಸ್ ಇರುತ್ತದೆ.

ಲಕ್ಷಣಗಳು

ಫ್ಯಾನು ಕೊನೆಯ ಹಂತದಲ್ಲಿ ಮಾತ್ರ ತಿರುಗಿ, ಉಳಿದ ಹಂತಗಳಲ್ಲಿ ನಿಂತಿದ್ದರೆ ರೆಸಿಸ್ಟರ್ ಅಥವಾ ಅದರ ಥರ್ಮಲ್ ಫ್ಯೂಸ್ ಕೆಟ್ಟಿರುವ ಸಂಭವವೇ ಹೆಚ್ಚು. ಮೋಟಾರು ಚೆನ್ನಾಗಿದೆ ಎಂಬುದಕ್ಕೆ ಕೊನೆಯ ಹಂತವೇ ಸಾಕ್ಷಿ. ಮೊದಲ ಹಂತವೊಂದೇ ಸತ್ತಿದ್ದರೆ ಆ ಹಂತಕ್ಕೆ ಮಾತ್ರ ಸೇರಿದ ಸುರುಳಿ ತುಂಡಾಗಿರಬಹುದು. ಇದಕ್ಕೆ ವಿರುದ್ಧವಾಗಿ, ಕೊನೆಯ ಹಂತ ಮಾತ್ರ ಕೆಲಸ ಮಾಡದಿದ್ದರೆ ಸ್ವಿಚ್ಚಿನ ಆ ಸಂಪರ್ಕವನ್ನು, ಅಥವಾ ಕೆಲವು ಕಾರುಗಳಲ್ಲಿ ಆ ಹಂತಕ್ಕೆಂದೇ ಇರುವ ರಿಲೇಯನ್ನು ಶಂಕಿಸಬೇಕಾಗುತ್ತದೆ.

ಯಾವ ಹಂತದಲ್ಲಿಯೂ ತಿರುಗದ ಫ್ಯಾನು, ಮೋಟಾರಿನ ಹೊರಕವಚವನ್ನು ಮೆಲ್ಲಗೆ ತಟ್ಟಿದಾಗ ತಿರುಗತೊಡಗಿದರೆ ಒಳಗಿನ ಕಾರ್ಬನ್ ಬ್ರಷ್‌ಗಳು ಸವೆದಿವೆ ಎಂದರ್ಥ. ಅಂತಹ ಮೋಟಾರು ಇನ್ನೊಂದಷ್ಟು ದಿನ ನಡೆಯಬಹುದಾದರೂ ನಂಬಿಕೆಗೆ ಅರ್ಹವಲ್ಲ. ಕೀರಲು ಸದ್ದು ಒಣಗಿದ ಬುಷ್‌ಗಳದು. ವೇಗದೊಡನೆ ಏರಿಳಿಯುವ ಟಕಟಕ ಸದ್ದು ಚಕ್ರದೊಳಗೆ ಬಿದ್ದ ಎಲೆಯದೋ ಕಾಗದದ್ದೋ ಆಗಿರುತ್ತದೆ. ಬಹುಕಾಲ ನಿಲ್ಲಿಸಿದ್ದ ಕಾರುಗಳಲ್ಲಿ ಇಲಿಗೂಡು ಸಿಗುವುದೂ ಉಂಟು.

ಫ್ಯಾನಿನ ಸದ್ದು ಎಂದಿನಂತೆ ಇದ್ದು ಗಾಳಿ ಮಾತ್ರ ಕಡಿಮೆಯಿದ್ದರೆ ಅದು ಬ್ಲೋವರಿನ ದೋಷವಲ್ಲ. ಕಟ್ಟಿಕೊಂಡ ಕ್ಯಾಬಿನ್ ಫಿಲ್ಟರ್, ಧೂಳು ತುಂಬಿದ ಅಥವಾ ಹಿಮಗಟ್ಟಿದ ಕೂಲಿಂಗ್ ಕಾಯಿಲ್, ಸರಿಯಾಗಿ ತೆರೆಯದ ಗಾಳಿಬಾಗಿಲು ಇವು ಅದರ ಕಾರಣಗಳು.

ವಿದ್ಯುತ್ ಪರೀಕ್ಷೆ

ಮೊದಲು ನೋಡಬೇಕಾದುದು ಫ್ಯೂಸ್. ಕಣ್ಣಿಗೆ ಸರಿಯಾಗಿ ಕಂಡ ಫ್ಯೂಸಿನಲ್ಲಿಯೂ ಕೂದಲೆಳೆಯ ಬಿರುಕು ಇರಬಹುದಾದ್ದರಿಂದ ಟೆಸ್ಟ್ ಲ್ಯಾಂಪಿನಿಂದ ಅದರ ಎರಡೂ ತುದಿಗಳನ್ನು ಪರೀಕ್ಷಿಸುವುದು ಕ್ರಮ. ಸ್ವಿಚ್ಚು ಹಾಕಿದ ಕ್ಷಣದಲ್ಲೇ ಫ್ಯೂಸ್ ಹೋದರೆ ಶಾರ್ಟ್ ಸರ್ಕ್ಯೂಟ್ ಇರಬೇಕು. ಕೆಲವು ನಿಮಿಷ ಓಡಿದ ಮೇಲೆ ಹೋದರೆ ಮೋಟಾರು ಬಿಗಿಯಾಗಿ ತಿರುಗುತ್ತ ಹೆಚ್ಚು ವಿದ್ಯುತ್ತನ್ನು ಎಳೆಯುತ್ತಿರಬೇಕು. ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕುವುದು ಎರಡಕ್ಕೂ ಪರಿಹಾರವಲ್ಲ. ಹಾಗೆ ಮಾಡಿದಾಗ ಫ್ಯೂಸಿನ ಬದಲು ತಂತಿಯೇ ಉರಿಯುತ್ತದೆ.

ಅನಂತರದ ಪರೀಕ್ಷೆ ಮೋಟಾರಿನ ಕನೆಕ್ಟರಿನಲ್ಲಿ. ಇಲ್ಲಿ ಅನುಭವಿಗಳೂ ಎಡವುವ ಒಂದು ಅಂಶವಿದೆ. ಕೆಲವು ಕಾರುಗಳಲ್ಲಿ ಸ್ವಿಚ್ಚು ಮತ್ತು ರೆಸಿಸ್ಟರ್ ಮೋಟಾರಿಗಿಂತ ಮೊದಲು, ಅಂದರೆ ಧನ ಬದಿಯಲ್ಲಿ ಇರುತ್ತವೆ. ಅನೇಕ ಜಪಾನೀ ಕಾರುಗಳಲ್ಲಿಯಾದರೋ ಮೋಟಾರಿಗೆ ನೇರವಾಗಿ 12 ವೋಲ್ಟ್ ಬಂದು, ಸ್ವಿಚ್ಚು ಮತ್ತು ರೆಸಿಸ್ಟರ್ ಮೋಟಾರಿನ ಬಳಿಕ ಅರ್ತ್ ಬದಿಯಲ್ಲಿ ಇರುತ್ತವೆ. ಇಂತಹ ಕಾರಿನಲ್ಲಿ ಮೀಟರಿನ ಒಂದು ಕಡ್ಡಿಯನ್ನು ಕಾರಿನ ಬಾಡಿಗೆ ತಾಗಿಸಿ, ಇನ್ನೊಂದರಿಂದ ಮೋಟಾರಿನ ತಂತಿಯನ್ನು ಮುಟ್ಟಿ, 12 ವೋಲ್ಟ್ ಕಂಡೊಡನೆ "ವಿದ್ಯುತ್ತು ಬರುತ್ತಿದೆ, ಆದ್ದರಿಂದ ಮೋಟಾರು ಸತ್ತಿದೆ" ಎಂದು ನಿರ್ಣಯಿಸಿದರೆ ಅದು ತಪ್ಪಾಗಬಹುದು. ಅರ್ತ್ ದಾರಿ ಕಡಿದಿದ್ದಾಗಲೂ ಆ ತಂತಿಯಲ್ಲಿ 12 ವೋಲ್ಟ್ ಇದ್ದೇ ಇರುತ್ತದೆ.

ಸರಿಯಾದ ವಿಧಾನವೆಂದರೆ ಕನೆಕ್ಟರನ್ನು ಬಿಚ್ಚದೆ, ಇಗ್ನಿಷನ್ ಆನ್ ಮಾಡಿ, ಗುಂಡಿಯನ್ನು ಕೊನೆಯ ಹಂತದಲ್ಲಿಟ್ಟು, ಮೀಟರಿನ ಕಡ್ಡಿಗಳನ್ನು ಮೋಟಾರಿನ ಎರಡು ತಂತಿಗಳಿಗೇ ತಾಗಿಸಿ ಅಳೆಯುವುದು. ಬ್ಯಾಟರಿಯಷ್ಟೇ ವೋಲ್ಟೇಜು ಕಂಡು ಫ್ಯಾನು ತಿರುಗದಿದ್ದರೆ ದೋಷ ಮೋಟಾರಿನದೇ. ಸೊನ್ನೆ ಬಂದರೆ ಪ್ರತಿ ತಂತಿಯನ್ನೂ ಬಾಡಿಗೆ ಹೋಲಿಸಿ ಅಳೆಯಬೇಕು: ಎರಡರಲ್ಲಿಯೂ 12 ವೋಲ್ಟ್ ಇದ್ದರೆ ಮೋಟಾರಿನ ಆಚೆಗಿನ ಸ್ವಿಚ್ಚು ಅಥವಾ ಅರ್ತ್ ಕಡಿದಿದೆ; ಎರಡರಲ್ಲಿಯೂ ಇಲ್ಲದಿದ್ದರೆ ಈಚೆಗಿನ ಫ್ಯೂಸ್, ರಿಲೇ, ಅಥವಾ ಧನ ಬದಿಯ ಸ್ವಿಚ್ಚು ಕೆಟ್ಟಿದೆ. ಸಂದೇಹ ಉಳಿದರೆ ಮೋಟಾರಿನ ಕನೆಕ್ಟರನ್ನು ಬಿಚ್ಚಿ, ಫ್ಯೂಸ್ ಸೇರಿಸಿದ ತಂತಿಯ ಮೂಲಕ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ತು ಕೊಟ್ಟು ನೋಡಬಹುದು.

ಫ್ಯಾನು ತಿರುಗುತ್ತಿದ್ದರೂ ನಿಧಾನವಾಗಿದ್ದಾಗ ಸಡಿಲವಾದ ಅಥವಾ ಕಿಲುಬು ಹಿಡಿದ ಸಂಪರ್ಕವನ್ನು ಹುಡುಕಬೇಕು. 20 ಆಂಪಿಯರ್ ಹರಿಯುವ ಕಡೆ 0.1 ಓಮ್‌ನಷ್ಟು ಅಲ್ಪ ತಡೆಯಿದ್ದರೂ 2 ವೋಲ್ಟ್ ನಷ್ಟವಾಗಿ, ಅಲ್ಲಿಯೇ 40 ವಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಾಮಾನ್ಯ ಕಾವುಕಡ್ಡಿಯ ಬಲವೂ ಹೆಚ್ಚುಕಡಿಮೆ ಇಷ್ಟೇ. ಹಳೆಯ ಕಾರುಗಳ ಕನೆಕ್ಟರುಗಳು ಕಂದುಬಣ್ಣಕ್ಕೆ ತಿರುಗಿ ಕರಗಿರುವುದಕ್ಕೆ ಇದು ಕಾರಣ.

ರೆಸಿಸ್ಟರ್ ಮತ್ತೆ ಮತ್ತೆ ಸುಡುವುದು

ಹೊಸ ರೆಸಿಸ್ಟರ್ ಹಾಕಿದ ಕೆಲವೇ ತಿಂಗಳಲ್ಲಿ ಅದೂ ಸುಟ್ಟಿತೆಂಬ ದೂರು ಸಾಮಾನ್ಯ. ಇಂತಹ ಸಂದರ್ಭಗಳಲ್ಲಿ ರೆಸಿಸ್ಟರ್ ರೋಗವಲ್ಲ, ರೋಗಲಕ್ಷಣ. ಬುಷ್ ಒಣಗಿ ಬಿಗಿಯಾದ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಜೊತೆಗೆ ನಿಧಾನವಾಗಿ ತಿರುಗಿ ಕಡಿಮೆ ಗಾಳಿಯನ್ನು ಕೊಡುತ್ತದೆ. ಹೀಗೆ ರೆಸಿಸ್ಟರಿಗೆ ಶಾಖ ಹೆಚ್ಚಾಗುವಾಗಲೇ ತಂಪು ಕಡಿಮೆಯಾಗುತ್ತದೆ. ಗಾಳಿಯ ದಾರಿಯಲ್ಲಿ ಕಸ ತುಂಬಿದರೂ ತಂಪು ತಪ್ಪುತ್ತದೆ. ಆದ್ದರಿಂದ ರೆಸಿಸ್ಟರ್ ಬದಲಿಸುವ ಮುನ್ನ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡುವುದು ಅಗತ್ಯ. ಅದು ಸಲೀಸಾಗಿ ತಿರುಗಿ, ಸ್ವಲ್ಪ ಹೊತ್ತಿನ ಬಳಿಕ ತಾನಾಗಿ ನಿಲ್ಲಬೇಕು.

ಥರ್ಮಲ್ ಫ್ಯೂಸ್ ಕಡಿದಾಗ ಅದರ ಜಾಗಕ್ಕೆ ತಂತಿಯ ತುಂಡನ್ನು ಬೆಸೆಯುವುದು ಎಲ್ಲಕ್ಕಿಂತ ಅಪಾಯಕರವಾದ ದುರಸ್ತಿ. ಫ್ಯಾನು ಕೂಡಲೇ ತಿರುಗುವುದರಿಂದ ದುರಸ್ತಿ ಯಶಸ್ವಿಯಾದಂತೆ ತೋರುತ್ತದೆ, ಆದರೆ ಮುಂದಿನ ಬಾರಿ ಶಾಖವನ್ನು ತಡೆಯಲು ಏನೂ ಉಳಿದಿರುವುದಿಲ್ಲ.

ಜಾಫಿರಾ ಪ್ರಕರಣ

ಈ ಅಪಾಯವು ಸಾರ್ವಜನಿಕರ ಗಮನಕ್ಕೆ ಬಂದದ್ದು ಬ್ರಿಟನ್ನಿನಲ್ಲಿ. ವಾಕ್ಸ್‌ಹಾಲ್ ಕಂಪನಿಯ ಜಾಫಿರಾ ಬಿ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನಿಂದ ಹೊಗೆ ಎದ್ದು ಬೆಂಕಿ ಹೊತ್ತಿಕೊಂಡ ಅನೇಕ ಪ್ರಕರಣಗಳು 2015ರಲ್ಲಿ ಬೆಳಕಿಗೆ ಬಂದವು. ಸ್ವಯಂಚಾಲಿತ ಹವಾನಿಯಂತ್ರಣವಿಲ್ಲದ ಕಾರುಗಳಷ್ಟೇ ಇದಕ್ಕೆ ಒಳಗಾಗಿದ್ದವು. ಬ್ಲೋವರ್ ರೆಸಿಸ್ಟರಿನ ಥರ್ಮಲ್ ಫ್ಯೂಸನ್ನು ಅಸಮರ್ಪಕವಾಗಿ ದುರಸ್ತಿ ಮಾಡಿದ್ದೇ ಕಾರಣವೆಂದು ಕಂಪನಿ ಹೇಳಿ, 2 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ತಪಾಸಣೆಗೆ ಹಿಂದಕ್ಕೆ ಕರೆಯಿತು. ತಪಾಸಣೆಯಾದ ಕೆಲವು ಕಾರುಗಳಲ್ಲಿಯೂ ಬೆಂಕಿ ಕಾಣಿಸಿಕೊಂಡಿತು. ತೇವದಿಂದ ತುಕ್ಕು ಹಿಡಿದು ಬಿಗಿಯಾಗುವ ಮೋಟಾರು ಕೂಡ ರೆಸಿಸ್ಟರನ್ನು ಅತಿಯಾಗಿ ಕಾಯಿಸಬಲ್ಲದೆಂಬುದು ಆಗ ಸ್ಪಷ್ಟವಾಯಿತು. 2016ರಲ್ಲಿ ಕಾರುಗಳನ್ನು ಎರಡನೆಯ ಬಾರಿ ಕರೆಯಬೇಕಾಯಿತು. ಬ್ರಿಟಿಷ್ ಸಂಸತ್ತಿನ ಸಾರಿಗೆ ಸಮಿತಿಯು 2017ರ ವರದಿಯಲ್ಲಿ ಕಂಪನಿಯ ವಿಳಂಬವನ್ನು ಕಟುವಾಗಿ ಟೀಕಿಸಿತು.

ಬಿಚ್ಚುವಾಗಿನ ಎಚ್ಚರಿಕೆ

ಏರ್‌ಬ್ಯಾಗ್ ಇರುವ ಕಾರಿನಲ್ಲಿ ಡ್ಯಾಶ್‌ಬೋರ್ಡನ್ನು ಕಳಚುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಡಿಸಿ, ತಯಾರಕರು ಸೂಚಿಸಿದಷ್ಟು ಹೊತ್ತು ಕಾಯಬೇಕು. ಆಗತಾನೆ ಓಡಿಸಿದ ಬ್ಲೋವರಿನ ರೆಸಿಸ್ಟರ್ ಕೈಸುಡುವಷ್ಟು ಬಿಸಿಯಾಗಿರುತ್ತದೆ. ಕರಗಿದ ಕನೆಕ್ಟರನ್ನು ಉಳಿಸಿಕೊಂಡು ರೆಸಿಸ್ಟರನ್ನು ಮಾತ್ರ ಬದಲಿಸಿದರೆ ಸಡಿಲ ಸಂಪರ್ಕ ಹಾಗೆಯೇ ಮುಂದುವರಿಯುವುದರಿಂದ, ಎರಡನ್ನೂ ಒಟ್ಟಿಗೆ ಬದಲಿಸಲಾಗುತ್ತದೆ.