ಸ್ತ್ರೀಯರ ಕುಪ್ಪಸವೂ ಸಮಾಜದ ಕಟ್ಟಳೆಯೂ



ಕಳೆದ ಶ್ರಾವಣಮಾಸದ ಒಂದು ಸಾಯಂಕಾಲ ಜಲನಗರದ ನಮ್ಮ ಮನೆಯ ಕಟ್ಟೆಯ ಮೇಲೆ ನಾಲ್ಕಾರು ಜನ ವಯೋವೃದ್ಧರು ಕುಳಿತು ಮಾತನಾಡುತ್ತಿದ್ದೆವು. ತೊರವಿಯ ಮಹಿಳಾ ವಿಶ್ವವಿದ್ಯಾಲಯದಿಂದ ಮರಳಿದ ವಿದ್ಯಾರ್ಥಿನಿಯರಿಬ್ಬರು ಬೀದಿಯಲ್ಲಿ ಹಾಯ್ದುಹೋದರು. ಅವರಲ್ಲೊಬ್ಬಳ ಹೆಗಲಿನ ಹತ್ತಿರ ಒಳಗಿನ ಉಡುಪಿನ ಪಟ್ಟಿಯು ಒಂದು ಬೆರಳಿನಷ್ಟು ಕಾಣಿಸಿತು. ಆ ಹುಡುಗಿಗೆ ಅದರ ಎಚ್ಚರವೂ ಇದ್ದಿಲ್ಲ. ನಮ್ಮ ಮಿತ್ರರೊಬ್ಬರು ಮಾತ್ರ ನಿಟ್ಟುಸಿರು ಬಿಟ್ಟು, “ನಮ್ಮ ಹಿಂದಿನ ಕಾಲದಾಗ ಹೀಂಗ ಇರಲಿಲ್ಲ ಬಿಡ್ರಿ” ಎಂದರು. ಉಳಿದವರು ತಲೆದೂಗಿದರು. ಈ ಲೇಖಕನೂ ತಲೆದೂಗಿದನು. ಆದರೆ ರಾತ್ರಿ ಮಲಗಿದಾಗ, ಹಿಂದಿನ ಕಾಲವೆಂದರೆ ಯಾವ ಕಾಲ, ಆಗ ಹೇಗಿತ್ತು ಎಂಬ ಪ್ರಶ್ನೆಯು ಮನಸ್ಸನ್ನು ಕೊರೆಯತೊಡಗಿತು. ಆ ಪ್ರಶ್ನೆಗೆ ದೊರೆತ ಉತ್ತರವನ್ನು ವಾಚಕರ ಮುಂದೆ ಇಡುವದೇ ಈ ಲೇಖದ ಉದ್ದೇಶವು. ವಿಷಯವು ಸಂಕೋಚದ್ದಾದರೂ ವಿಚಾರಕ್ಕೆ ಸಂಕೋಚವಿರಬಾರದು.

ಮೊದಲು ಇಂದಿನ ಕಟ್ಟಳೆಯನ್ನು ಸ್ಪಷ್ಟಮಾಡಿಕೊಳ್ಳುವಾ. ಮರ್ಯಾದಸ್ಥ ಮನೆತನದ ಹೆಣ್ಣುಮಗಳು ಪ್ರಾಯಕ್ಕೆ ಬಂದಕೂಡಲೆ ಹಿರಿಯರು ಬಾಡಿಯೆಂದೂ ಈಗಿನವರು ಬ್ರಾ ಎಂದೂ ಕರೆಯುವ ಒಳಗುಪ್ಪಸವನ್ನು ತೊಡಲೇಬೇಕು. ತೊಡದಿದ್ದರೆ ಜನರು ಆಡಿಕೊಳ್ಳುವರು. ಆದರೆ ತೊಟ್ಟದ್ದು ಎಳ್ಳಷ್ಟೂ ಕಾಣಬಾರದು, ಕಂಡರೂ ಆಡಿಕೊಳ್ಳುವರು. ಒಗೆದು ಒಣಹಾಕುವಾಗ ಸಹ ಅದರ ಮೇಲೊಂದು ಸೀರೆಯನ್ನೋ ಪಂಚೆಯನ್ನೋ ಮುಚ್ಚುವ ಪದ್ಧತಿಯು ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಇರಲೇಬೇಕಾದ, ಆದರೆ ಇದೆಯೆಂದು ಯಾರಿಗೂ ತೋರಬಾರದ ಈ ವಸ್ತ್ರದ ಕಟ್ಟಳೆಯನ್ನು ನಾವು ಸನಾತನವೆಂದು ತಿಳಿದಿರುವೆವು. ಅದು ಸನಾತನವೇ?

ನಮ್ಮ ಕುಪ್ಪಸವೆಂಬ ಶಬ್ದವು ಸಂಸ್ಕೃತದ ಕೂರ್ಪಾಸದ ತದ್ಭವವು. ಅಮರಕೋಶವು ಚೋಲ, ಕೂರ್ಪಾಸಕ ಎಂಬೆರಡನ್ನೂ ಒಂದೇ ಕಡೆಗೆ ಹೇಳಿರುತ್ತದೆ. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರದಲ್ಲಿ ಹೇಮಂತ ಶಿಶಿರಗಳ ವರ್ಣನೆ ಬಂದಾಗ ಸ್ತ್ರೀಯರು ಕೂರ್ಪಾಸಕವನ್ನು ತೊಡುವರು. ಇದರಿಂದ ಎರಡು ಸಂಗತಿಗಳು ಗೊತ್ತಾಗುವವು. ಹೊಲಿದ ಕುಪ್ಪಸವನ್ನು ಪರದೇಶದವರು ಬಂದು ನಮಗೆ ಕಲಿಸಿದರೆಂಬ ಮಾತು ನಿಜವಲ್ಲ. ಅದರಂತೆಯೇ, ಕುಪ್ಪಸವಿಲ್ಲದೆ ಮಾನವಿಲ್ಲವೆಂದು ನಮ್ಮ ಪೂರ್ವಿಕರು ಎಣಿಸಿದ್ದರೆಂಬದೂ ನಿಜವಲ್ಲ. ಆ ಕಾವ್ಯದಲ್ಲಿ ಅದು ಚಳಿಗಾಲದ ಅರಿವೆಯಾಗಿ ಬರುತ್ತದೆ; ಲಜ್ಜೆಯ ಕಾವಲಾಗಿ ಬರುವದಿಲ್ಲ.

ಇನ್ನು ಶಿಲೆಯ ಸಾಕ್ಷಿಯನ್ನು ನೋಡುವಾ. ೧೯೯೭ರ ವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದು ಈಗ ಬಾಗಲಕೋಟೆಗೆ ಸೇರಿದ ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೇಶನು ಕ್ರಿ. ಶ. ೫೭೮ರಲ್ಲಿ ವಿಷ್ಣುವಿಗೆ ಸಮರ್ಪಿಸಿದನು. ಅಲ್ಲಿಯ ಕಂಬಗಳ ಮೇಲ್ಭಾಗದ ದಂಪತಿಗಳ ಮೂರ್ತಿಗಳಲ್ಲಿ ಸ್ತ್ರೀಯರ ಮೈಮೇಲೆ ಹಾರ ಕೇಯೂರಗಳು ಬೇಕಾದಷ್ಟಿದ್ದರೂ ಕುಪ್ಪಸವಿಲ್ಲ. ಶಿಲ್ಪಿಯ ಸಂಪ್ರದಾಯವೇ ಬೇರೆ, ಬೀದಿಯ ಜೀವನವೇ ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪವು ಯುಕ್ತವೇ. ಆದರೆ ದೇವಾಲಯದ ಒಳಗೆ ಭಕ್ತರ ಕಣ್ಣೆದುರು ಹೀಗೆ ಕೆತ್ತಲು ಅರಸನಿಗಾಗಲಿ ಅರ್ಚಕನಿಗಾಗಲಿ ಲಜ್ಜೆ ತೋರಲಿಲ್ಲವೆಂಬದನ್ನು ಯಾರೂ ಅಲ್ಲಗಳೆಯಲಾರರು. ಅಜಂತೆಯ ಚಿತ್ರಗಳಲ್ಲಂತೂ ಸೋಜಿಗವು ಇನ್ನೂ ಹೆಚ್ಚಿನದು. ಅಲ್ಲಿ ಹೊಲಿದ ಅಂಗಿಯು ನರ್ತಕಿಯರ ಹಾಗೂ ದಾಸಿಯರ ಮೈಮೇಲೆ ಕಾಣುವದು. ರಾಣಿಯರ ಮೈಮೇಲೆ ಒಡವೆಗಳೇ ಹೆಚ್ಚು. ಆಗಮಗಳ ಮೂರ್ತಿಲಕ್ಷಣಗಳಲ್ಲಿ ವಿಷ್ಣುವಿನ ಇಕ್ಕೆಲಗಳಲ್ಲಿ ನಿಲ್ಲುವ ದೇವಿಯರ ಪೈಕಿ ಶ್ರೀದೇವಿಗೆ ಕುಚಬಂಧವುಂಟು, ಭೂದೇವಿಗೆ ಇಲ್ಲ. ಇಬ್ಬರೂ ಮಂಗಳೆಯರೇ, ಇಬ್ಬರಿಗೂ ಒಂದೇ ಆರತಿ.

ಮುಂದೆ ನಮ್ಮ ವಿಜಾಪುರದ ಆದಿಲಶಾಹಿ ಕಾಲ. ಅಲಿ ಆದಿಲಶಹನ ಆಳಿಕೆಯಲ್ಲಿ ೧೫೭೦ರಲ್ಲಿ ಸಿದ್ಧವಾದ ನುಜೂಮ್ ಉಲ್ ಉಲೂಮ್ ಎಂಬ ಸಚಿತ್ರ ಜ್ಯೋತಿಷಗ್ರಂಥವು ಈಗ ಆಯರ್ಲಂಡದ ಡಬ್ಲಿನ್ ನಗರದಲ್ಲಿರುತ್ತದೆ. ಅದರ ಸ್ತ್ರೀಶಕ್ತಿಗಳು ದಖ್ಖಣದ ಪದ್ಧತಿಯಂತೆ ಸೀರೆಯುಟ್ಟು ಬಿಗಿಯಾದ ಚೋಳಿ ತೊಟ್ಟವರು. ಮರಾಠರ ಆಳಿಕೆಯ ನಂತರವೂ ಮುಂದುಗಡೆ ಗಂಟು ಹಾಕುವ ಚೋಳಿಯೇ ನಮ್ಮ ಹೆಂಗಸರ ಕುಪ್ಪಸವಾಗಿ ಉಳಿಯಿತು. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಎಂಬ ಜೋಡಿಯನ್ನು ನಮ್ಮ ಭಾಗದ ಯಾವ ಓದುಗರಿಗೆ ಹೇಳಿಕೊಡಬೇಕು! ಒಂದು ಕುಪ್ಪಸಕ್ಕೆ ಸಾಲುವಷ್ಟೇ ಅಳತೆಯಲ್ಲಿ ಖಣವನ್ನು ಕತ್ತರಿಸಿ ಮೂರು ಮೂಲೆಯಾಗಿ ಮಡಿಚಿ ಇಡುವರು. ತೇರು, ಆನೆಹೆಜ್ಜೆ ಮೊದಲಾದ ಹೆಸರುಗಳುಳ್ಳ ಬುಟ್ಟಿಗಳು ಅದರಲ್ಲಿ ನೇಯಲ್ಪಡುವವು. ಮಹಾರಾಷ್ಟ್ರದ ಹೆಣ್ಣುಮಕ್ಕಳೂ ಅದನ್ನು ಬಲು ಪ್ರೀತಿಯಿಂದ ತೊಟ್ಟರು. ಅದೇ ಕಾಲದಲ್ಲಿ ನಮ್ಮ ಸುತ್ತಲಿನ ತಾಂಡಾಗಳ ಲಂಬಾಣಿ ಸ್ತ್ರೀಯರು ಕನ್ನಡಿ ಕೂಡಿಸಿದ, ಬೆನ್ನು ತೆರೆದ ಕಾಂಚಳಿಯನ್ನು ತೊಟ್ಟು ಸಂತೆಗೆ ಬರುತ್ತಿದ್ದರು. ಅವರನ್ನು ನಿರ್ಲಜ್ಜರೆಂದು ಯಾರೂ ಅಂದುದನ್ನು ನಾವು ಕೇಳಿಲ್ಲ.

ನಮ್ಮ ಕಡೆಗೆ ಖಣವು ಬರಿಯ ಬಟ್ಟೆಯಲ್ಲ, ಸೌಭಾಗ್ಯದ ಗುರುತು. ಉಡಿ ತುಂಬುವಾಗ ಖಣ, ದೇವಿಗೆ ಖಣ, ತವರಿಂದ ಬೀಳ್ಕೊಡುವಾಗ ಖಣ. ಚೊಚ್ಚಲ ಬಸುರಿಗೆ ಮಾಡುವ ಸಮಾರಂಭಕ್ಕೆ ಕುಬಸವೆಂದೇ ಹೆಸರು. ಅಂದರೆ ಕುಪ್ಪಸವೇ ಒಂದು ಸಂಸ್ಕಾರದ ಹೆಸರಾಗಿ ನಿಂತಿತು. ಯಾವ ವಸ್ತುವು ಸೌಭಾಗ್ಯಕ್ಕೆ ಗುರುತಾಗುವದೋ ಅದು ಸೌಭಾಗ್ಯ ಕಳೆದುಕೊಂಡವಳಿಂದ ಕಸಿಯಲ್ಪಡುವದು. ಕುಪ್ಪಸದ ಇತಿಹಾಸದಲ್ಲಿ ನಾವು ಮರೆಯಲೆಳಸುವ ಪುಟವು ಇದೇ.

ಸ್ಕಂದಪುರಾಣದ ಕಾಶೀಖಂಡವು ವಿಧವೆಯ ನಿಯಮಗಳನ್ನು ಹೇಳುವಲ್ಲಿ ಅವಳು ಕಂಚುಕವನ್ನು ತೊಡಬಾರದೆಂದು ವಿಧಿಸಿರುತ್ತದೆ. ತಲೆಯ ಮುಂಡನವನ್ನೂ ಹೇಳಿರುತ್ತದೆ. ಮನುಸ್ಮೃತಿಯಲ್ಲಿ ಈ ಎರಡೂ ಇಲ್ಲ. ವಿಧವೆಯು ಕಂದಮೂಲಫಲಗಳಿಂದ ಜೀವಿಸಿ ಬ್ರಹ್ಮಚರ್ಯದಿಂದ ಇರಬೇಕೆಂದು ಮನುವು ಹೇಳಿದನೇ ಹೊರತು ಅವಳ ಕುಪ್ಪಸಕ್ಕೆ ಕೈಹಚ್ಚಲಿಲ್ಲ. ಹೀಗಿದ್ದೂ ದಖ್ಖಣದ ಬ್ರಾಹ್ಮಣ ಮನೆತನಗಳಲ್ಲಿ ಕಾಶೀಖಂಡದ ಕಟ್ಟಳೆಯೇ ಗೆದ್ದಿತು. ಸಹ್ಯಾದ್ರಿಯ ಗಂಗಾಮೂಲದಲ್ಲಿ ೧೮೫೮ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು, ೧೮೮೭ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಬೋಳಿಸಿದ ತಲೆ, ಒರಟಾದ ಒಂದೇ ವಸ್ತ್ರ, ದಿನಕ್ಕೊಂದೇ ಊಟ ಎಂಬೀ ವೈಧವ್ಯದ ಸ್ಥಿತಿಯನ್ನು ಜಗತ್ತಿಗೆ ತಿಳಿಸಿದರು. ೧೮೫೬ರ ಕಾಯಿದೆಯು ವಿಧವೆಗೆ ಪುನರ್ವಿವಾಹದ ಹಕ್ಕನ್ನು ಕೊಟ್ಟಿತು. ಧೋಂಡೋ ಕೇಶವ ಕರ್ವೆಯವರು ೧೮೯೬ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ತೆರೆದರು. ಗುಲ್ವಾಡಿ ವೆಂಕಟರಾಯರು ೧೮೯೯ರಲ್ಲಿ ಇಂದಿರಾಬಾಯಿ ಎಂಬ ಕಾದಂಬರಿಯನ್ನೇ ಬರೆದರು. ಆದರೂ ಮನೆಯೊಳಗಿನ ಕಟ್ಟಳೆಯು ಕಾಯಿದೆಗೆ ಬೇಗನೆ ಬಗ್ಗಲಿಲ್ಲ.

ಇದಕ್ಕೆ ಈ ಲೇಖಕನ ಮನೆಯೇ ಸಾಕ್ಷಿಯು. ನಮ್ಮ ತಂದೆಯವರ ಸೋದರತ್ತೆಯೊಬ್ಬರು ಹನ್ನೊಂದನೆಯ ವರ್ಷಕ್ಕೇ ಪತಿಯನ್ನು ಕಳಕೊಂಡವರು. ನಾವೆಲ್ಲರೂ ಅವರನ್ನು ಅತ್ಯಾ ಎಂದೇ ಕರೆಯುತ್ತಿದ್ದೆವು. ಕೆಂಪು ಸೀರೆ, ತಲೆಯ ಮೇಲೆ ಸೆರಗು, ಮೈಮೇಲೆ ಕುಪ್ಪಸವಿಲ್ಲ. ಮಾಘದ ಚಳಿಯಲ್ಲಿ ಬೆಳಗಿನ ನಾಲ್ಕು ಗಂಟೆಗೆ ತಣ್ಣೀರು ಸುರಿದುಕೊಂಡು ಒಲೆಯ ಮುಂದೆ ಕೂತಿರುತ್ತಿದ್ದರು. ೧೯೬೦ರ ದಶಕದಲ್ಲಿ ನಮ್ಮ ಕಾಕುವಿನ ಕುಬಸವಾಯಿತು. ಆಗ ನನಗೆ ಆರೇಳು ವರ್ಷ. ಅಡಿಗೆಯನ್ನೆಲ್ಲ ಮಾಡಿದವರು ಅತ್ಯಾ. ಆರತಿಯ ಹೊತ್ತಿಗೆ ಮಾತ್ರ ಅವರು ಪಡಸಾಲೆಗೆ ಬರಲಿಲ್ಲ. ಬಂದ ಮುತ್ತೈದೆಯರಿಗೆಲ್ಲ ಖಣ ಕೊಡುವದನ್ನು ಕಂಡು, ಅತ್ಯಾನನ್ನು ಮರೆತರೆಂದು ತಿಳಿದು ನಾನು ತಟ್ಟೆಯೊಳಗಿನ ಒಂದು ಹಸಿರು ಖಣವನ್ನು ಅಡಿಗೆಮನೆಗೆ ಒಯ್ದೆನು. ಅವರು ಅದನ್ನು ಕೈಯಲ್ಲಿ ತೆಗೆದುಕೊಂಡು ಅಂಚನ್ನು ಒಮ್ಮೆ ಸವರಿದರು. ಬಳಿಕ ಮಡಿಕೆಯು ಕೆಡದಂತೆ ತಿರುಗಿ ನನ್ನ ಕೈಯಲ್ಲಿಟ್ಟು, “ನನಗ ಬ್ಯಾಡೋ ಕೂಸ, ಮಂದಿ ನೋಡ್ಯಾರು. ಇದ್ದಲ್ಲೇ ಇಟ್ಟು ಬಾ” ಎಂದರು. ಮರಣದ ವರೆಗೂ ಅವರು ಕುಪ್ಪಸ ತೊಡಲಿಲ್ಲ.

ಅಂದರೆ ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ, ಒಬ್ಬಳು ಕುಪ್ಪಸ ತೊಡದಿದ್ದರೆ ಮಾನಹಾನಿ, ಇನ್ನೊಬ್ಬಳು ತೊಟ್ಟರೆ ಮಾನಹಾನಿ. ಹೆಣ್ಣಿನ ದೇಹವು ಎರಡೂ ಕಡೆಗೆ ಒಂದೇ ಆಗಿದ್ದಿತು. ಆದುದರಿಂದ ಈ ಕಟ್ಟಳೆಯ ಮೂಲವು ದೇಹದ ಲಜ್ಜೆಯಲ್ಲವೆಂದೂ, ಯಾರು ಯಾವ ಸ್ಥಾನದಲ್ಲಿ ಇರಬೇಕೆಂಬ ಸಮಾಜದ ಎಣಿಕೆಯೆಂದೂ ಸಿದ್ಧವಾಗುತ್ತದೆ.

ಈ ಎಣಿಕೆಯು ವೈಧವ್ಯಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಜಾತಿಗೂ ಹೀಗೆಯೇ ಇದ್ದಿತು. ದಕ್ಷಿಣದ ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಸ್ತ್ರೀಯರು ಮೇಲಿನ ಜಾತಿಯವರೆದುರು ಎದೆ ಮುಚ್ಚಬಾರದೆಂಬ ಕಟ್ಟಳೆಯಿದ್ದಿತು. ಕ್ರೈಸ್ತರಾದ ನಾಡಾರ್ ಸ್ತ್ರೀಯರು ಕುಪ್ಪಾಯವನ್ನು ತೊಡಬಹುದೆಂದು ೧೮೧೩ರ ಸುಮಾರಿಗೆ ಕರ್ನಲ್ ಮನ್ರೋ ಅಪ್ಪಣೆ ಕೊಡಿಸಿದನು. ಅವರು ಅಷ್ಟಕ್ಕೆ ತೃಪ್ತರಾಗದೆ ಮೇಲುಹೊದಿಕೆಯನ್ನೂ ಹೊದ್ದಾಗ ಬೀದಿಗಳಲ್ಲಿ ಅದನ್ನು ಹರಿದೊಗೆದರು. ದಶಕಗಳ ವರೆಗೆ ಗಲಭೆಗಳು ನಡೆದವು. ಕಡೆಗೆ ೧೮೫೯ರ ಜುಲೈ ತಿಂಗಳಲ್ಲಿ ಮಹಾರಾಜರು ಎಲ್ಲ ನಾಡಾರ್ ಸ್ತ್ರೀಯರಿಗೂ ಎದೆ ಮುಚ್ಚುವ ಅನುಮತಿಯನ್ನಿತ್ತರು. ಆದರೆ ಮೇಲ್ಜಾತಿಯವರ ರೀತಿಯಲ್ಲಿ ಮುಚ್ಚಬಾರದೆಂಬ ಷರತ್ತು ಅದಕ್ಕಿತ್ತು. ಕುಪ್ಪಸಕ್ಕಾಗಿ ಹೆಂಗಸರು ಪೆಟ್ಟು ತಿಂದ ನಾಡೂ ನಮ್ಮ ದೇಶದಲ್ಲಿಯೇ ಇರುವದು.

ನಮ್ಮ ಉತ್ತರ ಕನ್ನಡ ಜಿಲ್ಲೆಯೊಂದರಲ್ಲಿಯೇ ಇದರ ಎರಡು ತುದಿಗಳು ಕಾಣುವವು. ಬಂಗಾಲದ ಸತ್ಯೇಂದ್ರನಾಥ ಠಾಕೂರರು ಮುಂಬಯಿ ಇಲಾಖೆಯ ಅಧಿಕಾರಿಗಳಾಗಿ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದರು. ಅವರ ಪತ್ನಿ ಜ್ಞಾನದಾನಂದಿನಿಯವರು ಮುಂಬಯಿಯ ಪಾರಸೀ ಸ್ತ್ರೀಯರನ್ನು ನೋಡಿ, ಸೀರೆಯೊಡನೆ ರವಿಕೆ, ಒಳಲಂಗಗಳನ್ನು ತೊಡುವ ಪದ್ಧತಿಯನ್ನು ಬಂಗಾಲದ ಸುಶಿಕ್ಷಿತ ಮನೆತನಗಳಲ್ಲಿ ರೂಢಿಗೆ ತಂದರು. ಅದೇ ಜಿಲ್ಲೆಯ ಅಂಕೋಲೆಯ ಕಡೆಗೆ ಹಾಲಕ್ಕಿ ಒಕ್ಕಲು ಸ್ತ್ರೀಯರು ಕುಪ್ಪಸವಿಲ್ಲದೆ ಸೀರೆಯನ್ನು ಕೊರಳಿಗೆ ಗಂಟಿಕ್ಕಿ, ಎದೆ ತುಂಬ ಮಣಿಸರಗಳನ್ನು ಧರಿಸುತ್ತ ಬಂದರು. ಆ ಉಡಿಗೆಯಲ್ಲಿಯೇ, ಬರಿಗಾಲಿನಿಂದಲೇ, ವೃಕ್ಷಸೇವೆಯ ತುಳಸಿ ಗೌಡರು ೨೦೨೧ರ ನವೆಂಬರದಲ್ಲಿ ರಾಷ್ಟ್ರಪತಿಭವನದಲ್ಲಿ ಪದ್ಮಶ್ರೀಯನ್ನು ಸ್ವೀಕರಿಸಿದರು. ದೇಶವೆಲ್ಲ ಕೈಮುಗಿಯಿತು. ಅತ್ಯಾ ಅವರ ಮೈಮೇಲೆ ಕುಪ್ಪಸವಿಲ್ಲದಿರುವದು ಅಮಂಗಲವಾಗಿದ್ದರೆ, ತುಳಸಿ ಗೌಡರ ಮೈಮೇಲೆ ಅದು ಇಲ್ಲದಿರುವದು ಗೌರವವಾಯಿತು.

ಇನ್ನು ಒಳಗುಪ್ಪಸದ ಮಾತು. ಇದರ ವಯಸ್ಸು ಬಹಳವಿಲ್ಲ. ಪ್ಯಾರಿಸಿನ ಎರ್ಮಿನಿ ಕಾದೋಲ್ ಎಂಬಾಕೆಯು ೧೮೮೯ರಲ್ಲಿ ಎದೆ ಸೊಂಟಗಳನ್ನು ಒಟ್ಟಿಗೆ ಬಿಗಿಯುತ್ತಿದ್ದ ಕಾರ್ಸೆಟನ್ನು ಎರಡು ಭಾಗಮಾಡಿದಳು. ಅಮೇರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬ ತರುಣಿಯು ಎರಡು ಕರವಸ್ತ್ರಗಳನ್ನೂ ಒಂದು ಪಟ್ಟಿಯನ್ನೂ ಕೂಡಿಸಿ ಹೊಲಿದು ೧೯೧೪ರ ನವೆಂಬರ ೩ರಂದು ಅದಕ್ಕೆ ಪೇಟೆಂಟ್ ಪಡೆದಳು. ತಿಮಿಂಗಿಲದ ಬಾಯೆಲುಬಿನ ಬಿಗಿತದಿಂದ ಬಿಡುಗಡೆಯೆಂದು ಅಲ್ಲಿಯ ಸ್ತ್ರೀಯರು ಅದನ್ನು ಸ್ವಾಗತಿಸಿದರು. ಆದರೆ ೧೯೬೮ರ ಸೆಪ್ಟೆಂಬರದಲ್ಲಿ ಅಟ್ಲಾಂಟಿಕ್ ಸಿಟಿಯ ಸೌಂದರ್ಯಸ್ಪರ್ಧೆಯ ಹೊರಗೆ ಸ್ತ್ರೀಯರು ಅದನ್ನೇ ಬಂಧನವೆಂದು ಕಸದ ಡಬ್ಬಿಗೆ ಎಸೆದರು. ಸುಟ್ಟರೆಂಬ ಪ್ರಸಿದ್ಧ ಕಥೆಯು ಮಾತ್ರ ನಿಜವಲ್ಲ. ಒಂದು ತಲೆಮಾರಿಗೆ ಬಿಡುಗಡೆಯಾದದ್ದು ಎರಡು ತಲೆಮಾರಿನಲ್ಲಿ ಕಟ್ಟಳೆಯಾಗಿ ತಿರುಗಿದ್ದಿತು. ನಮ್ಮ ಮನೆಗಳಿಗೆ ಇದು ಬಂದುದು ತೀರ ಇತ್ತೀಚೆಗೆ. ನಮ್ಮ ಅಜ್ಜಿಯರು ಅರಿಯದಿದ್ದ ವಸ್ತುವಿನ ಬಗೆಗೆ ಅಜ್ಜಿಯರ ಹೆಸರಿನಿಂದ ಕಟ್ಟಳೆ ಹಾಕುವದು ಎಷ್ಟರ ಮಟ್ಟಿಗೆ ಸರಿ?

೨೦೨೨ರ ಜುಲೈ ತಿಂಗಳಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಒಂದು ಪರೀಕ್ಷಾಕೇಂದ್ರದಲ್ಲಿ, ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಬಂದ ಹುಡುಗಿಯರಿಂದ ಲೋಹದ ಕೊಂಡಿಯಿದೆಯೆಂಬ ಕಾರಣಕ್ಕೆ ಒಳಗುಪ್ಪಸವನ್ನು ತೆಗೆಸಲಾಯಿತೆಂದು ದೂರು ಬಂದು, ಪೊಲೀಸು ವಿಚಾರಣೆ ನಡೆಯಿತು. ಕೊಲ್ಲಂ ಹಿಂದಿನ ತಿರುವಾಂಕೂರಿನದೇ ಭಾಗವು. ತೊಡಲು ಬಿಡದ ಕೈಯೂ ತೆಗೆಯಿಸಿದ ಕೈಯೂ ಬೇರೆಯಾದರೂ, ಕೈ ಹಾಕುವ ಅಧಿಕಾರ ತಮಗುಂಟೆಂಬ ನಂಬಿಗೆಯು ಒಂದೇ.

ನಮ್ಮ ನಾಡಿನಲ್ಲಿ ಈ ಅಧಿಕಾರವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಪ್ರಶ್ನಿಸಿದವಳು ಉಡುತಡಿಯ ಅಕ್ಕಮಹಾದೇವಿ. ಅರಸನ ಮನೆಯನ್ನೂ ಉಟ್ಟ ವಸ್ತ್ರವನ್ನೂ ತೊರೆದು, ಕೇಶವನ್ನೇ ಹೊದ್ದು ಕಲ್ಯಾಣಕ್ಕೆ ಬಂದ ಅವಳನ್ನು ಅಲ್ಲಮನು ಪರೀಕ್ಷಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿರುತ್ತದೆ. ಆ ಶರಣರ ವಚನಗಳನ್ನು ಓಲೆಗರಿಗಳಿಂದ ಹೊರತೆಗೆದು ಅಚ್ಚುಮಾಡಿಸಿದವರು ನಮ್ಮೂರಲ್ಲಿಯೇ ನೆಲೆಸಿದ್ದ ಫ. ಗು. ಹಳಕಟ್ಟಿಯವರು. ೨೦೦೩ರಲ್ಲಿ ಸ್ಥಾಪಿತವಾದ ನಮ್ಮ ಮಹಿಳಾ ವಿಶ್ವವಿದ್ಯಾಲಯಕ್ಕೆ ೨೦೧೭ರಲ್ಲಿ ಆಕೆಯ ಹೆಸರನ್ನೇ ಇಡಲಾಯಿತು. ಅಕ್ಕನ ಹೆಸರಿನ ವಿದ್ಯಾಲಯದಿಂದ ಬರುವ ಹುಡುಗಿಯ ಹೆಗಲ ಪಟ್ಟಿಯನ್ನು ನಾವು ಕಟ್ಟೆಯ ಮೇಲೆ ಕುಳಿತು ಅಳೆಯುತ್ತೇವೆ!

ಕೊನೆಗೊಂದು ತಪ್ಪೊಪ್ಪಿಗೆ. ಈ ಲೇಖಕನು ಒಂದು ಪ್ರೌಢಶಾಲೆಯ ಮುಖ್ಯಾಧ್ಯಾಪಕನಾಗಿದ್ದಾಗ, ಬಿಳಿಯ ಸಮವಸ್ತ್ರದೊಳಗಿಂದ ಒಳಉಡುಪು ಕಾಣುತ್ತದೆಂಬ ದೂರಿನ ಮೇಲೆ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳನ್ನು ಮನೆಗೆ ಕಳುಹಿಸಿದ್ದನು. ತೆಳುವಾದ ಬಟ್ಟೆಯನ್ನು ಆರಿಸಿದವರು ನಾವೇ, ನೋಡಿದ ಕಣ್ಣುಗಳು ಬೇರೆಯವರವು, ಶಿಕ್ಷೆಯು ಅವಳಿಗೆ. ಎಂಟು ದಿವಸ ಅವಳು ಶಾಲೆಗೆ ಬರಲಿಲ್ಲ. ಬಂದ ಮೇಲೆಯೂ ಮೊದಲಿನಂತೆ ಕೈಯೆತ್ತಿ ಉತ್ತರ ಹೇಳಲಿಲ್ಲ. ಮಂದಿ ನೋಡ್ಯಾರು ಎಂದು ಖಣವನ್ನು ತಿರುಗಿ ಕೊಟ್ಟ ಅತ್ಯಾ ಅವರನ್ನು ನೆನೆದು ಕಣ್ಣೀರು ತರುವ ನಾನೇ ಅಂದು ಆ ಮಂದಿಯಲ್ಲಿ ಒಬ್ಬನಾಗಿದ್ದೆನು.

ಆದುದರಿಂದ ವಾಚಕರಲ್ಲಿ ವಿನಂತಿ ಇಷ್ಟೇ. ಕುಪ್ಪಸವನ್ನು ತೊಡುವದು ಒಳ್ಳೆಯದೋ ಬಿಡುವದು ಒಳ್ಳೆಯದೋ ಎಂಬ ತೀರ್ಪನ್ನು ಇತಿಹಾಸವು ಕೊಡುವದಿಲ್ಲ. ಈ ಕಟ್ಟಳೆಯು ಒಂದು ಕಾಲದಲ್ಲಿಯೂ ಒಂದೇ ಆಗಿರಲಿಲ್ಲವೆಂಬದನ್ನು ಮಾತ್ರ ಅದು ನಿಸ್ಸಂದೇಹವಾಗಿ ಹೇಳುವದು. ಚಳಿ, ಸೆಕೆ, ದುಡಿಮೆ, ಅನುಕೂಲ, ಅಭಿರುಚಿ ಇವುಗಳನ್ನು ತೂಗಿ ನೋಡಿ ತನ್ನ ಉಡಿಗೆಯನ್ನು ಆರಿಸಿಕೊಳ್ಳುವ ವಿವೇಕವು ಉಡುವವಳಿಗೆ ಇರುತ್ತದೆ. ಹಿಂದಿನ ಕಾಲದ ಹೆಸರಿನಿಂದ ಅವಳನ್ನು ಬೈಯುವ ಮೊದಲು ಒಮ್ಮೆ ಬಾದಾಮಿಗೆ ಹೋಗಿಬರೋಣ. ಅದು ಆಗದಿದ್ದರೆ, ನಮ್ಮ ನಮ್ಮ ಮನೆಯ ಅಡಿಗೆಮನೆಯಲ್ಲಿ ಕುಳಿತೇ ಉಳಿದ ಅತ್ಯಾನನ್ನಾದರೂ ಒಮ್ಮೆ ನೆನೆಯೋಣ.