ಆದಿಲಶಾಹಿ ವಿಜಾಪುರದಲ್ಲಿ ಚಿತ್ರಕಾರನ ಮಾನ

ದೇವರ ಹಿಪ್ಪರಗಿ, ಸಿಂದಗಿ, ಇಂಡಿಗಳ ಸೀಮೆಯನ್ನು ವಿಜಾಪುರದಿಂದ ಆಳಿದ ಆದಿಲಶಾಹಿಗಳಲ್ಲಿ ಎರಡನೆಯ ಇಬ್ರಾಹಿಂ (1580–1627) ಕಲಾಪ್ರೇಮಕ್ಕೆ ಹೆಸರಾದವನು. ಸಂಗೀತಕ್ಕಾಗಿ ‘ಕಿತಾಬ್-ಎ-ನವರಸ್’ ಬರೆದ ಈತ ಸ್ವತಃ ಚಿತ್ರವನ್ನೂ ಬಿಡಿಸಬಲ್ಲವನಾಗಿದ್ದ. 1599ರಲ್ಲಿ ರಾಜಧಾನಿಯ ಪಶ್ಚಿಮಕ್ಕೆ ನವರಸಪುರವನ್ನು ಕಟ್ಟಿಸತೊಡಗಿದ.

ಈ ಆಸ್ಥಾನದಲ್ಲಿ ಕಲಾವಿದನಿಗೆ ದೊಡ್ಡ ಸ್ಥಾನವಿತ್ತು. ಕವಿ ಜುಹೂರಿ ಆಸ್ಥಾನದ ರತ್ನಗಳನ್ನು ಹೊಗಳುವಾಗ ಚಿತ್ರಕಾರ ಫರ್ರುಖ್ ಹುಸೇನನನ್ನೂ ಸೇರಿಸಿದ್ದಾನೆ. ಲಿಪಿಕಾರ ಖಲೀಲುಲ್ಲಾನಿಗೆ ಸುಲ್ತಾನ ‘ಲೇಖನಿಯ ಬಾದಶಹ’ ಎಂಬ ಬಿರುದು ಕೊಟ್ಟ. ಹಾರ್ಲೆಮ್ ಊರಿನ ಡಚ್ ಚಿತ್ರಕಾರ ಕಾರ್ನೆಲಿಸ್ ಕ್ಲಾಸ್ ಹೇಡಾ 1610ರ ಸುಮಾರಿಗೆ ಗೋವೆಯ ದಾರಿಯಾಗಿ ಇಲ್ಲಿಗೆ ಬಂದು ಆಸ್ಥಾನ ಸೇರಿದ. ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಬಳಿ ದುಡಿದಿದ್ದ ಆತ ಕೊನೆಯವರೆಗೂ ನವರಸಪುರದಲ್ಲೇ ನೆಲೆಸಿದ. ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಆತ ಬರೆದ ಪತ್ರಗಳು ಉಳಿದುಬಂದಿವೆ.

ಹೇಡಾನ ತಾಯ್ನಾಡಿನಲ್ಲಿ ಚಿತ್ರಕಾರರು ಬಹುಕಾಲ ಕುಶಲಕರ್ಮಿಗಳ ಸಂಘದ ಸದಸ್ಯರಷ್ಟೇ ಆಗಿದ್ದರು. ತಾಮ್ರದ ತಗಡಿನಲ್ಲಿ ಕೆತ್ತಿ ಕಾಗದಕ್ಕೆ ಅಚ್ಚೊತ್ತುವ ಭಾವಚಿತ್ರಗಳು ಅವರ ಮಾನವನ್ನು ಹೆಚ್ಚಿಸಿದವು. 1610ರಲ್ಲೇ ಹೆಂಡ್ರಿಕ್ ಹೊಂಡಿಯಸ್ ಹೇಗ್ ನಗರದಲ್ಲಿ ಚಿತ್ರಕಾರರ ಇಂಥ ಭಾವಚಿತ್ರಗಳ ಮಾಲೆಯನ್ನು ಪ್ರಕಟಿಸಿದ. 1630ರ ದಶಕದಲ್ಲಿ ಚಿತ್ರಕಾರ ಆಂಟನಿ ವ್ಯಾನ್ ಡೈಕ್ ರೂಪಿಸಿದ ಬರೋಕ್ ಶೈಲಿಯ ಮಾಲೆಯಲ್ಲಿ ರಾಜಕುಮಾರರು, ಸೇನಾಪತಿಗಳು, ವಿದ್ವಾಂಸರ ಸಾಲಿನಲ್ಲೇ ಚಿತ್ರಕಾರರೂ ಉಡುಪು, ನಿಲುವುಗಳಲ್ಲಿ ಕುಲೀನರಾಗಿ ಕಾಣುತ್ತಾರೆ. ವ್ಯಾನ್ ಡೈಕ್‌ಗೆ ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್ 1632ರಲ್ಲಿ ‘ಸರ್’ ಪದವಿ ನೀಡಿದ್ದ.

ಇಂಥ ಮುದ್ರಿತ ಚಿತ್ರಗಳು ಭಾರತಕ್ಕೂ ಬಂದವು. ಬಹಳಷ್ಟು ವಿದ್ವಾಂಸರು ಫರ್ರುಖ್ ಹುಸೇನ್ ಎಂದು ಗುರುತಿಸುವ ಫರ್ರುಖ್ ಬೇಗ್, ಮುಂದೆ ಮೊಘಲ್ ದೊರೆ ಜಹಾಂಗೀರನ ಆಸ್ಥಾನದಲ್ಲಿದ್ದಾಗ, ಯುರೋಪಿನ ಚಿತ್ರಕಾರ ಮಾರ್ಟನ್ ಡಿ ವೋಸ್‌ನ ರಚನೆಯಿಂದ ಕೆತ್ತಿದ ಮುದ್ರಣವೊಂದನ್ನು ಆಧರಿಸಿ ಕುರ್ಚಿಯಲ್ಲಿ ಕುಳಿತ ವೃದ್ಧನ ಚಿತ್ರ ಬರೆದ.

ಮನ್ನಣೆ ಎರಡೂ ಕಡೆ ದೊರೆಯಿಂದಲೂ ಬಂತು. ಅದನ್ನು ಕಾಪಾಡಿದ ಸಾಧನ ಮಾತ್ರ ಬೇರೆ. ತಗಡಿನಿಂದ ನೂರಾರು ಪ್ರತಿ ಮೂಡಿ ಯುರೋಪಿನ ಚಿತ್ರಕಾರನ ಮುಖ ಊರೂರಿಗೆ ತಲುಪಿತು. ವಿಜಾಪುರದ ಚಿತ್ರಕಾರನ ಕೀರ್ತಿ ಕವಿಯ ಮಾತಿನಲ್ಲಿ, ಸುಲ್ತಾನನ ಬಿರುದಿನಲ್ಲಿ ನಿಂತಿತು. 1686ರಲ್ಲಿ ಔರಂಗಜೇಬ ನಗರವನ್ನು ಗೆದ್ದಾಗ ಆ ಆಸ್ಥಾನವೇ ಮುಗಿಯಿತು. ವಿಜಾಪುರದ ಪೂರ್ವಕ್ಕಿರುವ ಕುಮಟಗಿಯ ವಿಹಾರಮಂಟಪದ ಗೋಡೆಗಳಲ್ಲಿ ಆದಿಲಶಾಹಿ ಕಾಲದ ಚಿತ್ರಗಳು ಮಸುಕಾಗಿ ಉಳಿದಿವೆ. ಅವನ್ನು ಬರೆದವರ ಹೆಸರು ಉಳಿದಿಲ್ಲ.